ಒಂದು ಕಳೆದು ಹೇಳಿ

ನಮ್ಮ ಊರಿನಲ್ಲಿ ಎಲ್ಲರೂ ಅವರನ್ನು ಅತ್ತೆ ಎಂದೇ ಕರೆಯುತ್ತಿದ್ದರು. ಬೇಕರಿಯವನಿಗೆ ಅತ್ತೆ, ಬೇಕರಿಯವನ ಹೆಂಡತಿಗೂ ಅತ್ತೆ, ಅವರ ಮನೆಯ ಹಾಲುಹಲ್ಲು ಬೀಳದ ಮಕ್ಕಳಿಗೂ ಅತ್ತೆ. ವರ್ಗವಾಗಿ ಬಂದ ಪೋಸ್ಟ್‌ಮಾಸ್ಟರ್ ಮೊದಲ ದಿನ "ಅಮ್ಮಾ" ಎಂದರು, ಎರಡನೆಯ ದಿನ "ಅಮ್ಮಾವ್ರೇ" ಎಂದು ನೋಡಿದರು, ಮೂರನೆಯ ದಿನ ಸೋತು ತಾವೂ ಅತ್ತೆ ಎಂದೇ ಶುರು ಮಾಡಿದರು. ಇಷ್ಟು ಜನರ ನಡುವೆ ಅವರಿಗೆ ನಿಜವಾದ ಸೊಸೆ ಎಂದು ಇದ್ದವಳು ನಾನೊಬ್ಬಳೇ. ಅತ್ತೆತನ ಎಂದರೇನು ಎಂದು ಗೊತ್ತಿದ್ದದ್ದೂ ನನಗೊಬ್ಬಳಿಗೇ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆ ಇವರನ್ನು ನೋಡಿಯೇ ಹುಟ್ಟಿರಬೇಕು ಎಂದು ಮದುವೆಯಾದ ಹೊಸತರಲ್ಲಿ ಅಂದುಕೊಂಡಿದ್ದೆ. ನಾನು ಬಟ್ಟೆ ಹಿಂಡುವಾಗ ಹಿಂದೆ ಬಂದು ನಿಂತು, "ಹಿಂಡ್ತಿದೀಯೋ, ಇಲ್ಲಾ ಸಮಾಧಾನ ಮಾಡ್ತಿದೀಯೋ?" ಎಂದು ಕೇಳುವರು. ಸಾರಿಗೆ ಉಪ್ಪು ಹೆಚ್ಚಾದರೆ ಏನೂ ಹೇಳದೆ ಎದ್ದು ಹೋಗಿ ಒಂದು ಚೊಂಬು ನೀರು ಕುಡಿದು ಬಂದು ಮತ್ತೆ ಊಟಕ್ಕೆ ಕೂರುವರು. ಜಗಳವಾಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಆ ಚೊಂಬಿಗೆ ಎದುರು ಮಾತೇ ಇರಲಿಲ್ಲ.

ಅವರ ಕೆಲಸ ಹಗ್ಗ ಕಾಯುವುದು. ಬೇರೆ ಊರಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸಿಗೆ ರಜೆಯ ಎರಡು ತಿಂಗಳು ಸಂಜೆ ನಾಲ್ಕಾಯಿತೆಂದರೆ ನಮ್ಮ ಊರೇ ಎದ್ದು ಕಡಲಿಗೆ ಬರುತ್ತಿತ್ತು. ತಗಡಿನ ಮಾಡು ಕಾದು ಮನೆಯೊಳಗೆ ಕೂರಲಾಗದು. ಗಂಡ, ಹೆಂಡತಿ, ಮಕ್ಕಳು, ಸೋದರತ್ತೆ, ಕಾಲುನೋವಿನ ಅಜ್ಜಿ, ಎಲ್ಲರೂ ಟವೆಲ್ಲು, ಕೊಡೆ, ನೀರಿನ ಬಾಟಲಿ ಹಿಡಿದು ಬರುವರು. ನಮ್ಮ ದಂಡೆಯ ಕಡಲು ನೋಡಲು ಸಾಧು, ಒಳಗೊಳಗೆ ಎಳೆಯುತ್ತದೆ. ಅದಕ್ಕೆ ಮರಳಿನ ಮೇಲೆ ಒಂದು ಕಲ್ಲುಕಂಬ ನೆಟ್ಟು, ಮಗುವಿನ ಮುಂಗೈಯಷ್ಟು ದಪ್ಪದ ಹಗ್ಗವೊಂದನ್ನು ಕಟ್ಟಿ ನೀರಿನೊಳಕ್ಕೆ ಬಿಟ್ಟಿದ್ದರು. ನೀರಿಗೆ ಇಳಿಯುವವರೆಲ್ಲ ಅದನ್ನು ಹಿಡಿದುಕೊಂಡೇ ಅಲೆಗೆ ಮೈ ಒಡ್ಡಬೇಕು. ಎಂಬತ್ತು ಹೆಜ್ಜೆ ದೂರದಲ್ಲಿ ಒಂದು ಕೆಂಪು ಡಬ್ಬಿ ತೇಲುತ್ತಿತ್ತು. ಅದರಾಚೆ ಯಾರೂ ಹೋಗುವ ಹಾಗಿಲ್ಲ. ಡಬ್ಬಿಯಾಚೆ ಹಗ್ಗ ಇನ್ನೂ ಇಪ್ಪತ್ತು ಹೆಜ್ಜೆ ಹೋಗಿ, ನೀರಿನ ತಳದಲ್ಲಿ ಬಿದ್ದಿದ್ದ ಕಬ್ಬಿಣದ ಗುಂಡಿಗೆ ಕಟ್ಟಿಕೊಂಡಿತ್ತು.

ಅತ್ತೆ ಕಂಬದ ಪಕ್ಕದಲ್ಲಿ ಒಂದು ಕುಳ್ಳ ಸ್ಟೂಲಿನ ಮೇಲೆ ಕೂತು, ಹಗ್ಗವನ್ನು ಮೊಣಕಾಲ ಮೇಲೆ ಹಾಯಿಸಿ ಬಲಗೈ ಅಂಗೈಯನ್ನು ಅದರ ಮೇಲೆ ಇಟ್ಟಿರುತ್ತಿದ್ದರು. ಅಷ್ಟೇ ಕೆಲಸ. ಆ ಅಂಗೈಗೆ ಹಗ್ಗ ಹಿಡಿದವರ ಲೆಕ್ಕ ಗೊತ್ತಾಗುತ್ತಿತ್ತು. ಯಾರು ಹೊಸಬರು, ಯಾರು ಹೆದರಿ ಬಿಗಿಯಾಗಿ ಹಿಡಿದಿದ್ದಾರೆ, ಯಾರು ಒಂದೇ ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಚೇಷ್ಟೆ ಮಾಡುತ್ತಿದ್ದಾರೆ, ಎಲ್ಲವೂ. ಬಾಗಿಲಾಚೆ ನಡೆದು ಬರುವ ಕಾಲಸಪ್ಪಳದಲ್ಲೇ ತಾಯಿಗೆ ತನ್ನ ಮಕ್ಕಳಲ್ಲಿ ಯಾರು ಬಂದರು ಎಂದು ತಿಳಿಯುವುದಿಲ್ಲವೇ, ಹಾಗೆ.

ಮೊದಲು ಆ ಕೆಲಸ ನಮ್ಮ ಮಾವನದು. ಮಾವ ಕಣ್ಣಿಂದ ಎಣಿಸುತ್ತಿದ್ದರು. ಅತ್ತೆ ಪಕ್ಕದಲ್ಲಿ ಕಡಲಿಗೆ ಬೆನ್ನು ಹಾಕಿ ಕೂತು ಬಟಾಣಿ ಸುಲಿಯುವರು, ಸುಮ್ಮನೆ ಒಂದು ಕೈ ಹಗ್ಗಕ್ಕೆ ಒರಗಿಸಿಕೊಂಡಿರುವರು. ಒಂದು ದಿನ ಇದ್ದಕ್ಕಿದ್ದಂತೆ "ಯಾರೋ ಬಿಟ್ರು ನೋಡ್ರಿ" ಎಂದರಂತೆ. ಮಾವ ಎಣಿಸಿದರೆ ಒಬ್ಬ ಕಡಿಮೆ. ಧುಮುಕಿ ಎತ್ತಿ ತಂದರು. ಎತ್ತಿ ತಂದದ್ದು ಈಗಿನ ಕಟಿಂಗ್ ಅಂಗಡಿಯವನನ್ನು. ಆಗ ಅವನಿಗೆ ಆರು ವರ್ಷ. ಮಾವ ತೀರಿಕೊಂಡ ಮೇಲೆ ಸ್ಟೂಲು ಯಾರಿಗೆ ಎಂದು ಊರಿನಲ್ಲಿ ಯಾರೂ ಕೇಳಲಿಲ್ಲ.

ನಾನು ಬಂದ ಮೇಲೆ ಕೆಲಸ ಎರಡಾಯಿತು. ಕಣ್ಣಿನ ಎಣಿಕೆ ನನ್ನದು, ಕೈಯ ಎಣಿಕೆ ಅವರದು. ನೀರಿಗೆ ಇಳಿದವರನ್ನು ನಾನು ಒಬ್ಬೊಬ್ಬರನ್ನಾಗಿ ನೋಡಿ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದೊಡ್ಡ ಅಲೆ ಬಂದು ಹೋದಾಗಲೆಲ್ಲ "ಎಷ್ಟು?" ಎಂದು ಕೇಳಬೇಕು. ಅತ್ತೆ ತಮ್ಮ ಲೆಕ್ಕ ಹೇಳುತ್ತಾರೆ. ನನ್ನದು ನಾನು ಮೊದಲು ಬಾಯಿಬಿಡುವ ಹಾಗಿಲ್ಲ, ಬಿಟ್ಟರೆ ಕೈ ಸೋಮಾರಿಯಾಗುತ್ತದಂತೆ. ಎರಡೂ ಒಂದೇ ಆದರೆ ಸರಿ. ಅತ್ತೆಯದು ಕಡಿಮೆ ಬಂದರೆ ನನ್ನ ಕೊರಳಿನ ಸೀಟಿ ಊದಬೇಕು, ಎಲ್ಲರೂ ಹೊರಗೆ ಬರಬೇಕು. ಒಂಬತ್ತು ಬೇಸಿಗೆಯಲ್ಲಿ ನಾಲ್ಕು ಸಲ ಊದಿದ್ದೆ. ನಾಲ್ಕು ಸಲವೂ ಅತ್ತೆಯದೇ ಸರಿ, ನಾಲ್ವರೂ ಬದುಕಿದರು.

ಆ ವರ್ಷ ರಜೆ ಶುರುವಾಗಿ ನಾಲ್ಕನೆಯ ದಿನ. ಗಾಳಿ ಇರಲಿಲ್ಲ. ನೀರಿನಲ್ಲಿ ಟೈಲರ್ ಮನೆಯವರು ಮಾತ್ರ: ಅವನು, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು.

"ಎಷ್ಟು?" ಎಂದೆ.

"ಐದು."

"ನಾಲ್ಕು ಅತ್ತೆ."

"ಐದು ಕಣೇ. ಸರಿಯಾಗಿ ನೋಡು."

ಎದ್ದು ನಿಂತು, ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದೆ. ನಾಲ್ಕೇ ತಲೆ. "ಐದನೆಯವರು ಎಲ್ಲಿದಾರೆ?" ಎಂದು ಕೇಳಿದೆ.

"ಕೊನೇಲಿ. ಡಬ್ಬಿಯಿಂದ ಆಚೆ."

ಡಬ್ಬಿಯಾಚೆ ನೀರು ಬಿಟ್ಟರೆ ಏನೂ ಇರಲಿಲ್ಲ.

"ಎಳೀತಿಲ್ಲ," ಎಂದರು ಅತ್ತೆ, ಪಕ್ಕದ ಮನೆಗೆ ಬಂದ ಬಾಡಿಗೆಯವರ ವಿಷಯ ಹೇಳುವಷ್ಟು ಸಹಜವಾಗಿ. "ಹಿಡ್ಕೊಂಡಿದಾರೆ ಅಷ್ಟೇ. ತೂಕಾನೇ ಇಲ್ಲ."

ನನಗೆ ನಗು ಬಂತು. ಮೀನು ತಗುಲಿರಬೇಕು, ಬಳ್ಳಿ ಸುತ್ತಿಕೊಂಡಿರಬೇಕು ಎಂದೆ. ಮೀನಿಗೆ ಬೆರಳು ಇರುತ್ತಾ ಎಂದು ಅತ್ತೆ ಕೇಳಿದರು. ಮರುದಿನ ಬೆಳಗ್ಗೆ ದೋಣಿಯವನು ಡಬ್ಬಿಯಾಚೆ ಹೋಗಿ ಹಗ್ಗವನ್ನು ಉದ್ದಕ್ಕೂ ಸವರಿ, ಬಳ್ಳಿಯೂ ಇಲ್ಲ, ಬಲೆಯೂ ಇಲ್ಲ ಎಂದು ಬಂದು ಹೇಳಿದ. ಸಂಜೆ ನೀರಿನಲ್ಲಿ ಹನ್ನೊಂದು ಜನ, ಅತ್ತೆಯ ಲೆಕ್ಕ ಹನ್ನೆರಡು. ಅದರ ಮರುದಿನ ಏಳಕ್ಕೆ ಎಂಟು.

ನನ್ನ ಗಂಡ ಐಸ್ ಫ್ಯಾಕ್ಟರಿಯಲ್ಲಿ ಮೆಕ್ಯಾನಿಕ್. ಹಗ್ಗದವಳ ಮಗನಿಗೆ ಈಜು ಬಾರದು, ದೀಪದ ಬುಡದಲ್ಲೇ ಕತ್ತಲು ಎಂದು ಊರು ಅವರನ್ನು ಹಾಸ್ಯ ಮಾಡುತ್ತಿತ್ತು. ಹಾಸ್ಯ ಮಾಡುವವರೇ ಭಾನುವಾರ ಬಂದರೆ ತಮ್ಮ ಮನೆಯ ಅಜ್ಜಿಯರನ್ನು ಅವರಿಗೆ ಒಪ್ಪಿಸುತ್ತಿದ್ದರು. ಅವರು ಹಗ್ಗದ ನಟ್ಟನಡುವೆ ಗಟ್ಟಿಯಾಗಿ ನಿಂತು, ಹೆದರುವವರನ್ನು ಮುಂದೆ ನಿಲ್ಲಿಸಿಕೊಂಡು, ಅಲೆ ಬಂದಾಗ "ಹಾರಿ ಅಜ್ಜಿ" ಎಂದು ಹಾರಿಸುವರು. ಅತ್ತೆಯ ವಿಷಯ ಹೇಳಿದಾಗ ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ. "ಅರವತ್ತಕ್ಕೆ ಅರಳು ಮರಳು ಅಂತಾರೆ. ಅಮ್ಮನಿಗೆ ಅರವತ್ತೆಂಟು. ಎಂಟು ವರ್ಷ ಲಾಭ ನಮಗೆ" ಎಂದರು. ಆದರೂ ಮರುದಿನ ಡಾಕ್ಟರ ಬಳಿ ಕರೆದುಕೊಂಡು ಹೋದರು.

ಡಾಕ್ಟರು ಅತ್ತೆಯ ಕಣ್ಣು ಮುಚ್ಚಿಸಿ ಬೆರಳುಗಳಿಗೆ ಸೂಜಿಯ ತುದಿ ಮುಟ್ಟಿಸಿ ಪರೀಕ್ಷೆ ಮಾಡಿದರು. ಎಲ್ಲಿ ಮುಟ್ಟಿದರು, ಎಷ್ಟು ಸಲ ಮುಟ್ಟಿದರು ಎಂದು ಅತ್ತೆ ತಪ್ಪಿಲ್ಲದೆ ಹೇಳಿ, ಕೊನೆಗೆ, "ನಿಮ್ಮ ಕೈ ಸ್ವಲ್ಪ ನಡುಗುತ್ತೆ ಡಾಕ್ಟ್ರೇ, ತೋರಿಸಿಕೊಳ್ಳಿ" ಎಂದು ಅವರಿಗೇ ಸಲಹೆ ಕೊಟ್ಟು ಬಂದರು. ಕೈಯಲ್ಲಿ ದೋಷವಿಲ್ಲ ಎಂದು ತಿಳಿದದ್ದೇ ನನಗೆ ಹೆಚ್ಚು ಕಷ್ಟವಾಯಿತು. ದೋಷ ಇದ್ದಿದ್ದರೆ ಮಾತ್ರೆ ಕೊಡುತ್ತಿದ್ದರು, ಮುಗಿಯುತ್ತಿತ್ತು.

ಒಂದು ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಅಲೆ ಇಳಿದಾಗ ಹಗ್ಗ ಸಡಿಲವಾಗಿ ನೀರಿಗೆ ಮುಳುಗಬೇಕು. ಡಬ್ಬಿಯ ಈಚೆ ಹಾಗೇ ಆಗುತ್ತಿತ್ತು. ಡಬ್ಬಿಯಾಚೆ ಮಾತ್ರ ಒಂದು ಗೇಣಿನಷ್ಟು ಹಗ್ಗ ನೀರಿನ ಮೇಲೆಯೇ ನಿಂತಿರುತ್ತಿತ್ತು, ತೊಟ್ಟಿಕ್ಕುತ್ತ. ಒಮ್ಮೆ ನೋಡಿದೆ, ಎರಡನೆಯ ಸಲ ನೋಡಿದೆ. ಮೂರನೆಯ ಸಲ ಆ ಕಡೆ ನೋಡುವುದನ್ನೇ ಬಿಟ್ಟೆ. ನನಗೆ ಹೆದರಿಕೆಯಾಗಿತ್ತು. ಹೆದರಿದವರಿಗೆ ಜೋರು ಜಾಸ್ತಿ, ಹಾಗಾಗಿ ಅತ್ತೆಯ ಮೇಲೆ ರೇಗುತ್ತಿದ್ದೆ.

ಸಂಜೆಯ ಹೊತ್ತು ಇನ್ನೂ ಕಿರಿಕಿರಿ. ಎಲ್ಲರೂ ಮೇಲೆ ಬಂದು ಮೈ ಒರೆಸಿಕೊಂಡು ಮನೆಯ ದಾರಿ ಹಿಡಿದರೂ ಅತ್ತೆ ಕೈ ತೆಗೆಯುತ್ತಿರಲಿಲ್ಲ. "ಅವರಿನ್ನೂ ಬಂದಿಲ್ಲ" ಎನ್ನುವರು. ಆಮೇಲೆ ಕಡಲಿನ ಕಡೆ ಮುಖ ಮಾಡಿ, "ಕತ್ತಲಾಗ್ತಾ ಬಂತು, ಬನ್ನಿ" ಎಂದು ಕರೆಯುವರು.

"ದೆವ್ವಕ್ಕೂ ಬಹುವಚನವಾ ಅತ್ತೆ?" ಎಂದು ಚುಚ್ಚಿದೆ ಒಂದು ದಿನ.

"ದೊಡ್ಡೋರೋ ಚಿಕ್ಕೋರೋ ಗೊತ್ತಿಲ್ವಲ್ಲ. ಗುರುತಿಲ್ಲದೋರನ್ನ ಬಾ ಹೋಗು ಅನ್ನೋಕಾಗುತ್ತಾ?" ಎಂದರು.

ಮಾತು ಊರಿಗೆ ಹಬ್ಬಿತು. ಟೈಲರ್ ಬಾಯಿಗೆ ಸೂಜಿ ದಾರ ಇಲ್ಲ. ಒಂದು ವಾರದೊಳಗೆ ದಂಡೆ ಸಮಿತಿಯ ಕಾರ್ಯದರ್ಶಿ ಮನೆಗೆ ಬಂದರು. ನಿವೃತ್ತ ಹೆಡ್‌ಮಾಸ್ಟರು, ಕೂರುವ ಮೊದಲು ಕುರ್ಚಿಯನ್ನು ಒಮ್ಮೆ ಅಲ್ಲಾಡಿಸಿ ನೋಡುವ ಪೈಕಿ. "ಲೆಕ್ಕ ತಪ್ಪುತ್ತಿದೆ ಅಂತ ದೂರು ಬಂದಿದೆ ಅತ್ತೆ. ನಾಳೆ ಯಾರಿಗಾದರೂ ಹೆಚ್ಚುಕಮ್ಮಿ ಆದ್ರೆ ಯಾರು ಹೊಣೆ? ರಜೆಯ ಕೊನೇ ಭಾನುವಾರ ನಾನೇ ಬಂದು ಕೂತು ನೋಡ್ತೀನಿ. ಸರಿ ಬಂದ್ರೆ ಸರಿ. ಇಲ್ಲಾಂದ್ರೆ ಬೇರೆಯವರನ್ನ ನೋಡ್ಕೋತೀವಿ. ಬೇಜಾರು ಮಾಡ್ಕೋಬೇಡಿ" ಎಂದರು.

ಕಾರ್ಯದರ್ಶಿ ಹೋದ ಮೇಲೆ ಅತ್ತೆ ಹಿತ್ತಿಲಿಗೆ ಹೋಗಿ ಬಟ್ಟೆ ಒಣಗಿಸುವ ದಾರದ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದರು. ಆ ಸ್ಟೂಲು ಹೋದರೆ ಈ ಮುದುಕಿ ಹನ್ನೆರಡು ತಿಂಗಳೂ ನನ್ನ ಬೆನ್ನ ಹಿಂದೆ ನಿಂತು ಬಟ್ಟೆ ಹಿಂಡುವುದನ್ನು ನೋಡುತ್ತಾರೆ ಎಂಬುದು ಮೊದಲ ಯೋಚನೆ. ಒಂದು ವರ್ಷವೂ ಉಳಿಯುವುದಿಲ್ಲ ಎಂಬುದು ಎರಡನೆಯದು. ಎರಡನೆಯದೇ ನಿಜವಾದ ಯೋಚನೆ.

ರಾತ್ರಿ ಊಟದ ಪಾತ್ರೆ ತೊಳೆಯುತ್ತ ನಾನೇ ಉಪಾಯ ಹೇಳಿದೆ. "ನೋಡಿ ಅತ್ತೆ, ನಿಮ್ಮ ಕೈಗೆ ಏನು ಗೊತ್ತಾಗುತ್ತೋ ನಾನು ಜಗಳಕ್ಕೆ ಬರಲ್ಲ. ಆದ್ರೆ ಬಾಯಲ್ಲಿ ಒಂದು ಕಳೆದು ಹೇಳಿ. ಹನ್ನೆರಡು ಅಂತ ಕೈಗೆ ಬಂದ್ರೆ ಹನ್ನೊಂದು ಅನ್ನಿ. ಅಷ್ಟೇ. ಇನ್ನು ಕೊನೇಲಿ ಯಾರು ಇದಾರೆ, ಮಧ್ಯದಲ್ಲಿ ಯಾರು ಇದಾರೆ, ಒಂದೂ ಮಾತು ಬೇಡ. ಬರೀ ಲೆಕ್ಕ."

"ಇರೋರನ್ನ ಇಲ್ಲ ಅನ್ನಬೇಕಾ?"

"ನನಗೋಸ್ಕರ ಅನ್ನಿ."

ಅತ್ತೆ ಒರೆಸುತ್ತಿದ್ದ ತಟ್ಟೆಯನ್ನು ಇನ್ನೊಮ್ಮೆ ಒರೆಸಿದರು. ಮದುವೆಯಾಗಿ ಹತ್ತು ವರ್ಷದಲ್ಲಿ ನಾನು ಅವರಲ್ಲಿ ಏನನ್ನೂ ಕೇಳಿದವಳಲ್ಲ. "ಆಯ್ತು" ಎಂದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ನನಗೆ ನನ್ನ ಬುದ್ಧಿಯ ಮೇಲೆ ಹೆಮ್ಮೆಯೇ ಆಯಿತು.

ಮರುದಿನದಿಂದ ಲೆಕ್ಕ ಸರಿಯಾಯಿತು. ನನಗೆ ಒಂಬತ್ತು, ಅವರಿಗೆ ಒಂಬತ್ತು. ನನಗೆ ಇಪ್ಪತ್ತು, ಅವರಿಗೆ ಇಪ್ಪತ್ತು. ಹೇಳುವ ಮುಂಚೆ ಒಂದು ಕ್ಷಣ ತಡೆಯುತ್ತಿದ್ದರು, ಆ ಹೊತ್ತಿನಲ್ಲಿ ಕಳೆಯುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಟೈಲರ್ ಬಾಯಿ ಮುಚ್ಚಿತು. ಅತ್ತೆ ಸಂಜೆ ಕಡಲನ್ನು ಕರೆಯುವುದನ್ನೂ ಬಿಟ್ಟರು, ಎಲ್ಲರೂ ಹೋದ ಮೇಲೆ ಹಗ್ಗವನ್ನು ಎರಡು ಸಲ ಮೆಲ್ಲಗೆ ತಟ್ಟಿ ಎದ್ದು ಬರುವರು.

ಕೊನೆಯ ಭಾನುವಾರ ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮರುದಿನ ಶಾಲೆ ಶುರು, ಹಾಗಾಗಿ ಮಕ್ಕಳಿರುವ ಮನೆಯವರೆಲ್ಲ ಬಂದಿದ್ದರು. ಕಾರ್ಯದರ್ಶಿ ಮಡಿಸುವ ಕುರ್ಚಿ ತಂದು, ಅಲ್ಲಾಡಿಸಿ ನೋಡಿ, ನಮ್ಮ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಕೊಡೆ ಬಿಚ್ಚಿ ಕೂತರು. ನೀರಿನಲ್ಲಿ ಮೂವತ್ತೊಂದು ಜನ. ನನ್ನ ಮಗಳು ಬೇಕರಿಯವನ ಹೆಂಡತಿಯ ಜೊತೆ ಹಗ್ಗದ ದಂಡೆ ಕಡೆಯ ತುದಿಯಲ್ಲಿ, ಮೊಣಕಾಲುದ್ದ ನೀರಿನಲ್ಲಿ. ನನ್ನ ಗಂಡ ಎಂದಿನಂತೆ ನಟ್ಟನಡುವೆ. ಇಳಿಯುವ ಮುಂಚೆ ನನ್ನ ಹತ್ತಿರ ಬಂದು ಕನ್ನಡಕ ಕೊಟ್ಟು, "ಕಾರ್ಯದರ್ಶಿಗೆ ನಿಂಬೆಹಣ್ಣಿನ ಪಾನಕ ಕೊಡು, ಸಕ್ಕರೆ ಜಾಸ್ತಿ ಹಾಕು. ಬಾಯಿ ಸಿಹಿ ಇದ್ರೆ ಮಾರ್ಕೂ ಜಾಸ್ತಿ ಹಾಕ್ತಾರೆ" ಎಂದು ಹೇಳಿ ಹೋದರು.

ಐದೂವರೆಯ ಹೊತ್ತಿಗೆ ಒಂದರ ಹಿಂದೆ ಒಂದರಂತೆ ನಾಲ್ಕು ದೊಡ್ಡ ಅಲೆ ಬಂದವು. ಎಲ್ಲರೂ ಮುಳುಗಿದರು, ಎದ್ದರು, ಕಿರುಚಿದರು, ನಕ್ಕರು. ನೊರೆ, ಕೂದಲು, ಕೈಕಾಲು. ನಾನು ಪಾನಕ ಬಗ್ಗಿಸುತ್ತಿದ್ದೆ.

"ಎಷ್ಟು?" ಎಂದೆ, ತಿರುಗದೆ.

ಅತ್ತೆ ತಡೆದರು. "ಮೂವತ್ತು" ಎಂದರು.

ಅಯ್ಯೋ ದೇವರೇ, ಇವತ್ತೇ ಆಗಬೇಕಿತ್ತಾ ಇದು ಎಂದುಕೊಂಡೆ. ನನ್ನ ತಲೆಯಲ್ಲಿ ಓಡಿದ್ದು ಇಷ್ಟು: ಕೊನೆಯಲ್ಲಿ ಇದ್ದದ್ದು ಇವತ್ತು ಹೊರಟುಹೋಗಿದೆ, ಇವರ ಕೈಗೆ ಸರಿಯಾಗಿ ಮೂವತ್ತೊಂದೇ ಸಿಕ್ಕಿದೆ, ಅಭ್ಯಾಸಬಲದಿಂದ ಒಂದು ಕಳೆದುಬಿಟ್ಟಿದ್ದಾರೆ. ಎರಡು ತಿಂಗಳು ಇಲ್ಲ ಇಲ್ಲ ಎಂದು ನಾನು ಹೇಳಿದ್ದು ಹಾಗೆ ಕೊನೆಗೂ ನಿಜವಾಯಿತು ಎಂದು ಒಳಗೊಳಗೆ ಸಮಾಧಾನವೂ ಆಯಿತು.

"ಎಷ್ಟಂದ್ರು?" ಎಂದು ಕಾರ್ಯದರ್ಶಿ ಕುರ್ಚಿಯಿಂದ ಕೇಳಿದರು. ಅಲೆಯ ಸದ್ದಿಗೆ ಅವರಿಗೆ ಕೇಳಿಸಿರಲಿಲ್ಲ.

"ಮೂವತ್ತೊಂದು ಸಾರ್. ಸರಿಯಾಗಿದೆ" ಎಂದೆ. ಲೋಟ ತೆಗೆದುಕೊಂಡು ಹೋಗಿ ಅವರ ಕೈಗೆ ಕೊಟ್ಟೆ. ಸಕ್ಕರೆ ಸಾಕಾ ಎಂದೂ ಕೇಳಿದೆ.

ಹಿಂದಿರುಗಿ ಬಂದಾಗ ಅತ್ತೆ ಎರಡೂ ಕೈಗಳನ್ನು ಹಗ್ಗದ ಮೇಲೆ ಇಟ್ಟಿದ್ದರು. ಅವರು ಎರಡು ಕೈ ಇಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. "ಮೂವತ್ತು" ಎಂದರು ಮತ್ತೆ.

ನಾನು ಬಗ್ಗಿ ಕಿವಿಯ ಹತ್ತಿರ ಹೇಳಿದೆ. "ಅತ್ತೆ, ಇವತ್ತು ಕಳೀಬೇಡಿ. ಕಳೀದೇನೇ ಹೇಳಿ. ಅವರು ನೋಡ್ತಿದಾರೆ."

"ಕಳೀದೆ ಹೇಳಿದ್ರೆ ಮೂವತ್ತೊಂದು."

"ಮತ್ತೆ? ಸರೀನೇ ಇದೆಯಲ್ಲ."

ಅವರು ನನ್ನ ಮುಖ ನೋಡಿದರು. ಬರೀ ಲೆಕ್ಕ, ಒಂದೂ ಮಾತು ಬೇಡ ಎಂದು ನಾನು ಹಾಕಿದ್ದ ಕಟ್ಟು ಅವರನ್ನು ಇನ್ನೂ ತಡೆಯುತ್ತಿತ್ತು. "ಕೊನೆಯವರು ಇದಾರೆ ಕಣೇ," ಎಂದರು. "ಮಧ್ಯದಲ್ಲಿ ನನ್ನ ಮಗನ ಕೈ ಇಲ್ಲ."

ಸೀಟಿ ಊದಿದೆ. ಊದಿದ್ದು ನಾನೇ ಎಂದು ಜನ ಹೇಳುತ್ತಾರೆ, ನನಗೆ ನೆನಪಿಲ್ಲ. ಮೊದಲ ಸಲ ಮೂವತ್ತು ಎಂದದ್ದಕ್ಕೂ ಸೀಟಿಗೂ ನಡುವೆ ಎಷ್ಟು ಹೊತ್ತು ಹೋಯಿತು ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಂದು ಲೋಟ ಪಾನಕ ಕೊಟ್ಟು ಬರುವಷ್ಟು ಹೊತ್ತು.

ಜನ ಒಬ್ಬರ ಕೈ ಒಬ್ಬರು ಹಿಡಿದು ಮೇಲೆ ಬಂದರು. ಮರಳಿನ ಮೇಲೆ ನಿಲ್ಲಿಸಿ ಎಣಿಸಿದೆ. ಮೂವತ್ತು. ಮತ್ತೆ ಎಣಿಸಿದೆ. ನನ್ನ ಗಂಡನ ಮುಂದೆ ನಿಂತಿದ್ದ ಅಜ್ಜಿಯೊಬ್ಬರು, "ಈಗ ಇಲ್ಲೇ ಇದ್ದನಲ್ಲ, ಹಾರಿ ಅಜ್ಜಿ ಅಂದನಲ್ಲ" ಎಂದು ಸುತ್ತ ನೋಡುತ್ತಿದ್ದರು. ಯಾರೂ ಏನೂ ನೋಡಿರಲಿಲ್ಲ. ಮೂವತ್ತು ಜನರ ನಡುವಿನಿಂದ ಒಬ್ಬ ಆಳೆತ್ತರದ ಮನುಷ್ಯ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಮಗಳು ಟವೆಲ್ ಹೊದ್ದುಕೊಂಡು ಬಂದು "ಅಪ್ಪ ಎಲ್ಲಿ?" ಎಂದಳು.

ಈಗ ಹಗ್ಗದಲ್ಲಿ ಯಾರೂ ಇಲ್ಲ. ಅತ್ತೆ ಮಾತ್ರ ಕೈ ತೆಗೆದಿರಲಿಲ್ಲ. "ಇಬ್ಬರಿದಾರೆ," ಎಂದರು. ಧ್ವನಿ ಗಟ್ಟಿಯಾಗಿತ್ತು, ಸಂತೋಷವಿದ್ದ ಹಾಗೆ. "ಕೊನೇಲಿ ಇಬ್ಬರಿದಾರೆ. ಹಿಡ್ಕೊಂಡಿದಾನೆ ಅವನು. ಬೇಗ ಹೋಗಿ."

ನಾನು ನಂಬಿದೆ. ಎರಡು ತಿಂಗಳು ನಂಬದೆ ಇದ್ದವಳು ಆ ಕ್ಷಣ ಎಷ್ಟು ಗಟ್ಟಿಯಾಗಿ ನಂಬಿದೆ ಎಂದರೆ, ಗಂಡನನ್ನು ಬೈಯಲು ಮಾತು ಕೂಡ ಜೋಡಿಸಿಕೊಂಡೆ. ದೋಣಿಯವನು ಮತ್ತು ಕಟಿಂಗ್ ಅಂಗಡಿಯವನು ದೋಣಿ ತಳ್ಳಿಕೊಂಡು ಡಬ್ಬಿಯಾಚೆ ಹೋದರು. ಕಡಲು ಅಷ್ಟರಲ್ಲಿ ತೆಪ್ಪಗಾಗಿತ್ತು. ಹಗ್ಗದ ಉದ್ದಕ್ಕೂ ಹುಡುಕಿ, ನೀರಿಗೆ ಇಳಿದು, ಮುಳುಗಿ ಎದ್ದು, ಬರಿಗೈಯಲ್ಲಿ ಬಂದರು. ಅತ್ತೆ ಮತ್ತೆ ಕಳಿಸಿದರು. ಮತ್ತೆ ಬಂದರು.

ಮೂರನೆಯ ಸಲ ದೋಣಿಯವನು ಅಲ್ಲಿಂದಲೇ ಹಗ್ಗವನ್ನು ನೀರಿನಿಂದ ಮೇಲಕ್ಕೆತ್ತಿ ಹಿಡಿದು ಕೂಗಿದ. "ಬರೀ ಹಗ್ಗ ಅತ್ತೆ. ಯಾರೂ ಇಲ್ಲ."

"ನಿನ್ನ ಕೈ ಈಗ ಗೊತ್ತಾಯ್ತು," ಎಂದು ಅತ್ತೆ ಕೂಗಿ ಹೇಳಿದರು. "ನಿನ್ನ ಕೈಯಿಂದ ಒಂದು ಮೊಳ ಆಚೆ ಇದಾನೆ ನೋಡಪ್ಪಾ. ಅಲ್ಲೇ ಇದಾನೆ."

ದೋಣಿಯವನು ಆ ಒಂದು ಮೊಳವನ್ನು ನೋಡಿದ. ಕಟಿಂಗ್ ಅಂಗಡಿಯವನೂ ನೋಡಿದ. ದಂಡೆಯಲ್ಲಿ ನಿಂತಿದ್ದ ನಾವೆಲ್ಲ ನೋಡಿದೆವು. ಒದ್ದೆ ಹಗ್ಗ, ಅದರಿಂದ ತೊಟ್ಟಿಕ್ಕುವ ನೀರು. ದೋಣಿಯವನು ಕೈ ಸುಟ್ಟುಕೊಂಡವನ ಹಾಗೆ ಹಗ್ಗ ಬಿಟ್ಟು, ದೋಣಿಯ ತಳದಲ್ಲಿ ಕೂತುಬಿಟ್ಟ. ಕಟಿಂಗ್ ಅಂಗಡಿಯವನೇ ಹುಟ್ಟು ಹಾಕಿಕೊಂಡು ಬರಬೇಕಾಯಿತು.

ಬೆಳಕು ಇಳಿಯುತ್ತಿತ್ತು. ಊರು ಮನೆಗೆ ಹೋಗಲಿಲ್ಲ. ಕಾರ್ಯದರ್ಶಿ ಪಾನಕದ ಲೋಟವನ್ನು ಎಲ್ಲಿ ಇಡುವುದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಿದ್ದರು. ಅತ್ತೆ ಕಡಲಿನ ಕಡೆ ಮುಖ ಮಾಡಿ, "ಕತ್ತಲಾಗ್ತಾ ಬಂತು, ಬನ್ನಿ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ನೀನೂ ಬಾರೋ" ಎಂದರು. ಆ "ಬಾರೋ" ಕೇಳಿದ ಮೇಲೆಯೇ ನನಗೆ ಅಳು ಬಂದದ್ದು.

ಮೂರನೆಯ ದಿನ ಬೆಳಗ್ಗೆ ನನ್ನ ಗಂಡ ಬಂದರಿನ ಕಲ್ಲುಗಳ ಹತ್ತಿರ ಸಿಕ್ಕಿದರು. ಬಲಗೈ ಮುಷ್ಟಿ ಬಿಗಿದಿತ್ತು, ಬಿಡಿಸಲು ಆಗಲಿಲ್ಲ. ನೀರಿಗೆ ಬಿದ್ದವರ ಕೈ ಹಾಗೇ ಇರುತ್ತದೆ ಎಂದು ಡಾಕ್ಟರು ಹೇಳಿದರು. ಇರಬಹುದು.

ಅತ್ತೆ ನನ್ನನ್ನು ಬೈಯಲಿಲ್ಲ. ನಾನು ಕಾದೆ. ಇವತ್ತು ಬೈಯುತ್ತಾರೆ, ನಾಳೆ ಬೈಯುತ್ತಾರೆ ಎಂದು ಹತ್ತು ತಿಂಗಳು ಕಾದೆ. ಒಂದು ಸಲ ನಾನೇ ಕಾಲು ಹಿಡಿದುಕೊಂಡು, "ನನ್ನಿಂದಲೇ ಆಯ್ತು ಅತ್ತೆ" ಎಂದು ಹೇಳಿಬಿಟ್ಟೆ. ಅವರು ನನ್ನ ತಲೆಯ ಮೇಲೆ ಆ ಬಲಗೈ ಇಟ್ಟರು. "ಸೊಸೆ ಕೇಳಿದ್ಲು ಅಂತ ಒಪ್ಕೊಂಡೋಳು ನಾನು. ನಿನ್ನದೊಂದೇ ಹೇಗಾಗುತ್ತೆ" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಈಗ ಮಗಳೂ ಅಜ್ಜಿಯೂ ಒಂದೇ ಹಾಸಿಗೆಯಲ್ಲಿ ಮಲಗುತ್ತಾರೆ, ನಾನು ಬಟ್ಟೆ ಹಿಂಡುವಾಗ ಹಿಂದೆ ಯಾರೂ ಬಂದು ನಿಲ್ಲುವುದಿಲ್ಲ.

ಮತ್ತೆ ಬೇಸಿಗೆ ಬಂತು. ಹಗ್ಗವನ್ನು ಕಿತ್ತುಬಿಡೋಣ ಎಂದು ಸಮಿತಿಯಲ್ಲಿ ಮಾತಾಯಿತು. ಕಾರ್ಯದರ್ಶಿಯೇ ಬೇಡ ಎಂದರಂತೆ. ರಜೆಯ ಮೊದಲ ವಾರ ಯಾರೂ ನೀರಿಗೆ ಇಳಿಯಲಿಲ್ಲ. ದಂಡೆಯ ಮೇಲೆ ಕೂತು, ಕಾಲಿಗೆ ನೀರು ತಾಗಿದರೆ ಹಿಂದೆ ಸರಿಯುವರು. ಮಕ್ಕಳು ಮನೆಯೊಳಗೆ ಬೆಂದು ಬೆಂದು ಜ್ವರ ಬರಿಸಿಕೊಂಡರು. ಅತ್ತೆ ಮಾತ್ರ ದಿನಾ ನಾಲ್ಕು ಗಂಟೆಗೆ ಹೋಗಿ ಸ್ಟೂಲಿನ ಮೇಲೆ ಕೂತು ಕೈ ಇಡುವರು. ನಾನು ಪಕ್ಕದಲ್ಲಿ ಕೂರುವೆ. ಏನು ಗೊತ್ತಾಗುತ್ತಿದೆ ಎಂದು ಅವರು ಹೇಳಲಿಲ್ಲ, ಕೇಳುವ ಧೈರ್ಯ ನನಗೆ ಬರಲಿಲ್ಲ. ಅವರು ಎದ್ದು ಹೋದ ಮೇಲೆ ನಾನೂ ಅದೇ ಜಾಗದಲ್ಲಿ ಅಂಗೈ ಇಟ್ಟು ನೋಡಿದ್ದೇನೆ. ಕಣ್ಣು ಮುಚ್ಚಿ ಇಟ್ಟಿದ್ದೇನೆ, 'ನಾನು ಕಣ್ರೀ' ಎಂದು ಹೇಳಿ ಇಟ್ಟಿದ್ದೇನೆ. ನನ್ನ ಕೈಗೆ ಸಿಗುವುದು ಬರೀ ಹಗ್ಗ.

ಎಂಟನೆಯ ದಿನ ಕಟಿಂಗ್ ಅಂಗಡಿಯವನು ಅಂಗಡಿಗೆ ಬೀಗ ಹಾಕಿ, ಮನೆಯವರನ್ನೆಲ್ಲ ಕರೆದುಕೊಂಡು ಬಂದ. ಅವನು, ಅವನ ಹೆಂಡತಿ, ತಾಯಿ, ಮೂರು ಮಕ್ಕಳು. ಅತ್ತೆಯ ಮುಂದೆ ನಿಂತು, "ಇಳೀತೀವಿ ಅತ್ತೆ, ನೀವು ಇದೀರಲ್ಲ" ಎಂದ. ಇಡೀ ದಂಡೆ ನೋಡುತ್ತಿತ್ತು. ಅವರು ಒಬ್ಬರ ಹಿಂದೊಬ್ಬರು ಹಗ್ಗ ಹಿಡಿದು ಸೊಂಟದ ನೀರಿನವರೆಗೆ ಹೋದರು. ಒಂದು ಅಲೆ ಬಂದು ಹೋಯಿತು.

"ಎಷ್ಟು?" ಎಂದೆ.

ಅತ್ತೆ ತಡೆದರು. ಕಳೆದ ವರ್ಷಕ್ಕಿಂತ ಹೆಚ್ಚು ಹೊತ್ತು ತಡೆದರು. "ಆರು" ಎಂದರು.

ನನ್ನ ಲೆಕ್ಕವೂ ಆರೇ. ಸರಿಯಾಗಿತ್ತು. ಆದರೆ ಆ ಆರನ್ನು ಹೇಳಲು ಅವರು ಏನನ್ನು ಕಳೆದರು ಎಂದು ನನಗೆ ಗೊತ್ತಾಯಿತು. ನನಗೋಸ್ಕರ ಅನ್ನಿ ಎಂದು ಕೇಳಿದ್ದವಳು ನಾನು. ಮಾತು ಕೊಟ್ಟ ಮುದುಕಿ ತನ್ನ ಹೊಟ್ಟೆಯಲ್ಲಿ ಹುಟ್ಟಿದವನನ್ನೂ ಕಳೆದು ಹೇಳುತ್ತಿದ್ದಳು.

"ಕಳೀಬೇಡಿ ಅತ್ತೆ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ. ಹಗ್ಗದ ಮೇಲಿನ ಬೆರಳುಗಳು ಮಾತ್ರ ಸ್ವಲ್ಪ ಸಡಿಲವಾದವು. "ಎಂಟು" ಎಂದರು.

ನಾನು ಎದ್ದು ನಿಂತೆ. ಇಡೀ ದಂಡೆಗೆ ಕೇಳುವ ಹಾಗೆ "ಎಂಟು, ಸರಿಯಾಗಿದೆ" ಎಂದು ಕೂಗಿದೆ. ನೀರಿನಲ್ಲಿದ್ದ ಆರು ಜನ ತಿರುಗಿ ನೋಡಿದರು. ಯಾರೂ ನಗಲಿಲ್ಲ.